ಪಾಳು ಕೋಟೆ, ತುಂಬಿದ ಮೆಟ್ಟಿಲು

ವಡೋದರಾದಿಂದ ಕಾರು ಮಾಡಿಕೊಂಡು ಒಂದೇ ದಿನದಲ್ಲಿ ಚಾಂಪಾನೇರ್ ನೋಡಿ ಬರುವವರಿಗೆ ‘ಎಲ್ಲವೂ ನಶ್ವರ’ ಎಂಬ ಭಾವ ಸುಲಭವಾಗಿ ಹುಟ್ಟುತ್ತದೆ. ಸ್ಮಶಾನವೈರಾಗ್ಯದಂತೆ ಅದೂ ಅಲ್ಪಾಯುಷಿ, ಮೇಲಾಗಿ ಅರ್ಧಸತ್ಯ. 1484ರಲ್ಲಿ ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾ ಗೆದ್ದು ರಾಜಧಾನಿ ಮಾಡಿಕೊಂಡ ಊರು, 1535ರಲ್ಲಿ ಹುಮಾಯೂನನ ಕೈಸೇರಿದ ಮೇಲೆ ಪಾಳುಬಿತ್ತು. ಜಾಮಿ ಮಸೀದಿಯ ಜಾಲಂಧ್ರದ ಬಿಸಿಲು ಈಗ ಖಾಲಿ ನೆಲದ ಮೇಲೆ ಬೀಳುತ್ತದೆ. ಅದೇ ಊರಿನ ಮೇಲಿರುವ ಪಾವಾಗಢ ಬೆಟ್ಟದ ತುದಿಯ ಕಾಳಿಕಾ ಮಾತೆಯ ಗುಡಿಯ ಮೆಟ್ಟಿಲುಗಳಲ್ಲಿ ನವರಾತ್ರಿಗೆ ಕಾಲಿಡಲು ಜಾಗವಿರುವುದಿಲ್ಲ. ಕಾವಲಿದ್ದದ್ದು ಅಳಿಯಿತು, ಹರಕೆಯಿದ್ದದ್ದು ಉಳಿಯಿತು.

ಆ ಗುಡಿಯೂ ಶಿಖರ ಕಳೆದುಕೊಂಡಿತ್ತಲ್ಲ, ಧ್ವಜ ಮತ್ತೆ ಏರಿದ್ದು 2022ರಲ್ಲಲ್ಲವೇ ಎನ್ನಬಹುದು. ನಿಜ, ಆದರೆ ಭಕ್ತರು ಶಿಖರಕ್ಕಾಗಿ ಕಾಯಲಿಲ್ಲ. ಇದು ಒಂದು ಧರ್ಮದ ಗೆಲುವೆಂದು ಬೀಗುವವರು ಅಹಮದಾಬಾದಿಗೂ ಹೋಗಬೇಕು: ಸುಲ್ತಾನರ ಆಳ್ವಿಕೆ ಮುಗಿದು ಶತಮಾನಗಳಾದರೂ, 1424ರ ಜಾಮಾ ಮಸೀದಿಯಲ್ಲಿ ಶುಕ್ರವಾರದ ನಮಾಜು ನಿಂತಿಲ್ಲ.