ಹೊಟ್ಟೆಯ ಲೆಕ್ಕ, ಚೀಲದ ಲೆಕ್ಕ

ಕಳೆದ ತಿಂಗಳು ನಮ್ಮ ಯುವಬಳಗದ ಏಳು ಮಂದಿ ಕಂಬಂ ಕಣಿವೆಗೆ ಸೈಕಲ್ ಪ್ರವಾಸ ಹೋಗಿ ಬಂದೆವು. ಭಾನುವಾರ ಪೂಜೆಯ ನಂತರ "ಹೇಗಿತ್ತು?" ಎಂದು ನಿಮ್ಮಲ್ಲಿ ಬಹಳ ಮಂದಿ ಕೇಳಿದಿರಿ. ಚೆನ್ನಾಗಿತ್ತು ಎಂದೆವು, ಫೋಟೋ ತೋರಿಸಿದೆವು. ಒಂದು ವಿಷಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಪೋತ್ತನೂರಿನಿಂದ ಸೈಕಲ್‌ಗಳನ್ನು ಸಣ್ಣ ಲಾರಿಗೆ ಹಗ್ಗ ಬಿಗಿದು ಕಟ್ಟಿ, ಪಳನಿ ದಾರಿಯಾಗಿ ಥೇನಿ ಸೇರಿ, ಅಲ್ಲಿಂದ ತುಳಿಯತೊಡಗಿದೆವು. (ಮನೆಯಿಂದಲೇ ತುಳಿದೆವು ಎಂದು ಕೆಲವರು ನಂಬಿದ್ದೀರಿ. ಇಲ್ಲ.) ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ, ಗೂಡಲೂರು. ಈ ಗೂಡಲೂರು ನೀಲಗಿರಿಯದ್ದಲ್ಲ, ಬೇರೆ. ಎರಡೂ ಕಡೆ ಬೆಟ್ಟ, ನಡುವೆ ಭತ್ತ, ಬಾಳೆ, ತೆಂಗು, ದ್ರಾಕ್ಷಿ. ಕಣಿವೆಗೆ ನೀರು ಬರುವುದು ಬೆಟ್ಟದ ಆಚೆಯಿಂದ. ಪಶ್ಚಿಮಕ್ಕೆ ಹರಿಯುತ್ತಿದ್ದ ಪೆರಿಯಾರ್ ನೀರನ್ನು 1895ರಲ್ಲಿ ಪೆನ್ನಿಕ್ವಿಕ್ ಎಂಬ ಇಂಜಿನಿಯರ್ ಅಣೆ ಕಟ್ಟಿ, ಸುರಂಗದ ಮೂಲಕ ಈ ಕಡೆಗೆ ತಿರುಗಿಸಿದರು.

ಇಲ್ಲಿಯ ದ್ರಾಕ್ಷಿಗೆ ಪನ್ನೀರ್ ದ್ರಾಕ್ಷಿ ಎಂದು ಹೆಸರು, ಮಸ್ಕಟ್ ಹ್ಯಾಂಬರ್ಗ್ ತಳಿ. 2023ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 1832ರಲ್ಲಿ ಒಬ್ಬ ಫ್ರೆಂಚ್ ಪಾದ್ರಿ ಈ ಹಣ್ಣನ್ನು ತಮಿಳುನಾಡಿಗೆ ತಂದರು ಎಂಬ ಮಾತಿದೆ. ಬೇರೆ ಕಡೆ ವರ್ಷಕ್ಕೊಂದು ಸುಗ್ಗಿಯಾದರೆ ಇಲ್ಲಿ ವರ್ಷಪೂರ್ತಿ ಒಂದಲ್ಲ ಒಂದು ತೋಟದಲ್ಲಿ ಕೊಯ್ಲು ನಡೆಯುತ್ತಲೇ ಇರುತ್ತದೆ. ಹಣ್ಣು ಮಾರುಕಟ್ಟೆಗೆ ಹೋಗುತ್ತದೆ, ರಸಕ್ಕೂ ವೈನಿಗೂ ಆಗುತ್ತದೆ. ಬಳ್ಳಿಯನ್ನು ಕಲ್ಲುಕಂಬಗಳ ಮೇಲೆ ತಂತಿ ಎಳೆದು ಚಪ್ಪರವಾಗಿ ಹಬ್ಬಿಸುತ್ತಾರೆ. ಗೊಂಚಲುಗಳು ತಲೆಯ ಮೇಲೆ ತೂಗುತ್ತವೆ, ಕೊಯ್ಯುವವರು ದಿನವಿಡೀ ಕೈ ಎತ್ತಿಕೊಂಡೇ ಇರಬೇಕು.

ಎರಡನೆಯ ದಿನ ಬೆಳಿಗ್ಗೆ ಸುರುಳಿಪಟ್ಟಿಯ ಕಡೆ ಹೋಗುವಾಗ ಬೇಲಿಯಿಲ್ಲದ ಒಂದು ತೋಟದ ಪಕ್ಕ ನಿಂತೆವು. ಬಾಯಾರಿತ್ತು. ಒಂದು ಗೊಂಚಲು ಕಿತ್ತು ಎಲ್ಲರೂ ನಾಲ್ಕಾರು ಹಣ್ಣು ಬಾಯಿಗೆ ಹಾಕಿಕೊಂಡೆವು. ಅಷ್ಟಕ್ಕೆ ನಿಲ್ಲಲಿಲ್ಲ. ಇನ್ನೂ ಮೂರು ಗೊಂಚಲು ಕಿತ್ತು, ಮನೆಗಾಯಿತು ಎಂದು ಹ್ಯಾಂಡಲ್‌ಗೆ ಸಿಕ್ಕಿಸಿದ್ದ ಚೀಲಕ್ಕೆ ಹಾಕಿ ಜಿಪ್ ಎಳೆದೆವು.

ಆಗ ಚಪ್ಪರದ ಒಳಗಿನಿಂದ ಒಬ್ಬ ಅಜ್ಜಿ ಕೈ ಬೀಸುತ್ತಾ, ಕೂಗುತ್ತಾ ಓಡಿ ಬಂದರು. ಬೈಗುಳಕ್ಕೆ ಸಿದ್ಧರಾದೆವು. ನಮ್ಮೊಳಗೆ ನಾವು ಕನ್ನಡದಲ್ಲಿ ಪಿಸುಗುಟ್ಟುವುದು ಕೇಳಿ ಅವರೂ ಕನ್ನಡಕ್ಕೆ ತಿರುಗಿದರು. ಆ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ. "ತಿನ್ನಬೇಡಿ ಮಕ್ಕಳೇ, ನೆನ್ನೆ ತಾನೆ ಮರುಂದು ಹೊಡೆದದೆ!" ಔಷಧಿ ಸಿಂಪಡಿಸಿದ ತೋಟ ಅದು. ಅಜ್ಜಿ ನಮ್ಮ ಕೈಯಲ್ಲಿದ್ದುದನ್ನು ಕಿತ್ತು ಎಸೆದು, ಕೊಡದಿಂದ ನೀರು ಸುರಿದು ಎಲ್ಲರ ಬಾಯಿ ಮುಕ್ಕಳಿಸಿದರು. ತೋಟ ಅವರದಲ್ಲ, ಅವರು ಕೂಲಿಗೆ ಬಂದವರು. ತಮ್ಮ ಊಟದ ಗಂಟಿನಿಂದ, ಬೇರೆ ತೋಟದ್ದು ತೊಳೆದಿಟ್ಟಿದ್ದ ಹಣ್ಣು ತೆಗೆದು ನಮಗೆ ಕೊಟ್ಟರು. ನಾವು ತಿಂದೆವು. ಚೀಲದ ಮಾತು ಎತ್ತಲಿಲ್ಲ.

ಅಂದು ಮಧ್ಯಾಹ್ನ ಲೋವರ್ ಕ್ಯಾಂಪಿನಿಂದ ಕುಮಳಿಗೆ ಘಾಟಿ ಏರಿದೆವು. ವಿದ್ಯುತ್ ಮನೆಗೆ ನೀರಿಳಿಸುವ ದೊಡ್ಡ ಕೊಳವೆಗಳ ಹತ್ತಿರ ನಿಂತು ಏದುಸಿರು ಬಿಡುವಾಗ ನಮ್ಮಲ್ಲೊಬ್ಬಳು ಕೇಳಿದಳು: ನಾವು ಮಾಡಿದ್ದು ಕಳ್ಳತನವೇ? ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಗೊತ್ತಿದ್ದವರು ಕೂಡಲೇ ಸಮಾಧಾನ ಹೇಳಿದರು. ನೆರೆಯವನ ದ್ರಾಕ್ಷಿತೋಟಕ್ಕೆ ಹೋದವನು ಹೊಟ್ಟೆ ತುಂಬ ತಿನ್ನಬಹುದು ಎನ್ನುತ್ತದೆ ಅಲ್ಲಿಯ ನಿಯಮ. ಯೇಸುಸ್ವಾಮಿಯ ಶಿಷ್ಯರು ಸಬ್ಬತ್ ದಿನ ತೆನೆ ಕಿತ್ತು ತಿಂದಾಗ ಫರಿಸಾಯರು ಸಬ್ಬತ್ತಿನ ವಿಷಯ ಎತ್ತಿದರೇ ಹೊರತು ಕಳ್ಳರು ಎನ್ನಲಿಲ್ಲ. ಆದರೆ ಅದೇ ವಚನದ ಉಳಿದ ಅರ್ಧ, ಬುಟ್ಟಿಗೆ ಹಾಕಿಕೊಳ್ಳಬಾರದು ಎಂದು. ಯಾರೋ ನಮ್ಮ ಜಿಪ್ಪನ್ನು ನೋಡಿಯೇ ಬರೆದ ಹಾಗೆ.

ಮನೆಗೆ ಬಂದ ಮೇಲೆ ಇನ್ನಷ್ಟು ಓದಿದೆವು, ಸಮಾಧಾನ ಇನ್ನೂ ಕರಗಿತು. ಹಳೆಯ ಯೆಹೂದಿ ಗುರುಗಳು ಈ ಹಕ್ಕು ದಾರಿಹೋಕನದ್ದಲ್ಲ, ಅದೇ ತೋಟದಲ್ಲಿ ದುಡಿಯುತ್ತಿರುವ ಕೂಲಿಯಾಳಿನದ್ದು ಎಂದು ಅರ್ಥಮಾಡಿದ್ದರು. ಎಲ್ಲರಿಗೂ ಉಂಟು ಎಂದ ಒಬ್ಬ ಗುರುವಿಗೆ, ಹಾಗಾದರೆ ತೋಟದವನು ಬದುಕುವುದು ಹೇಗೆ ಎಂದು ಉಳಿದವರು ಕೇಳಿದರಂತೆ. ನಮ್ಮ ಬೆವರನ್ನು ನಾವು ಬಹಳ ದೊಡ್ಡದು ಮಾಡಿಕೊಂಡಿದ್ದೆವು. ಏರು ಹತ್ತಿದ್ದೇವೆ, ದಣಿದಿದ್ದೇವೆ, ನಾಲ್ಕು ಹಣ್ಣು ನಮ್ಮ ಪಾಲು ಎಂದು ಒಳಗೊಳಗೇ ಅನ್ನಿಸಿತ್ತು. ಆದರೆ ನಮ್ಮ ಬೆವರಿನಿಂದ ಆ ಕಣಿವೆಯಲ್ಲಿ ಒಂದು ಎಲೆಯೂ ಬೆಳೆದಿಲ್ಲ. ಬೇಕೆಂದೇ ಆರಿಸಿಕೊಂಡ ದಣಿವು ನಮ್ಮದು. ಕೈ ಎತ್ತಿ ನಿಂತವರ ದಣಿವಿಗೆ ಕೂಲಿ ಇದೆ, ಆಯ್ಕೆ ಇಲ್ಲ. ಪೀಠದ ಮೇಲಿನ ದ್ರಾಕ್ಷಾರಸ ಮನುಷ್ಯರ ದುಡಿಮೆಯ ಫಲ ಎಂದು ಪ್ರತಿ ಪೂಜೆಯಲ್ಲಿ ಕೇಳುತ್ತೇವೆ. ಯಾರ ದುಡಿಮೆ ಎಂದು ಇಷ್ಟು ವರ್ಷ ನಾವಂತೂ ಯೋಚಿಸಿರಲಿಲ್ಲ.

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಬೋರ್ಡೋ ದ್ರಾವಣದ ಕಥೆ ನೆನಪಿರಬಹುದು. ಫ್ರಾನ್ಸಿನ ಮೆದೋಕ್‌ನಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಎಂದು ತೋಟದವರು ರಸ್ತೆ ಅಂಚಿನ ಬಳ್ಳಿಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು, ನೋಡಿದರೆ ವಿಷ ಎನಿಸಬೇಕು. 1882ರಲ್ಲಿ ಮಿಲಾರ್ದೆ ಎಂಬ ಪ್ರಾಧ್ಯಾಪಕರು ಬೂಜುರೋಗದಿಂದ ತೋಟವೆಲ್ಲ ಎಲೆ ಉದುರಿಸಿ ನಿಂತಿದ್ದರೂ ಆ ಅಂಚಿನ ಬಳ್ಳಿಗಳು ಹಸಿರಾಗಿರುವುದನ್ನು ಗಮನಿಸಿದರು. ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ದ್ರಾಕ್ಷಿತೋಟಗಳನ್ನು ಉಳಿಸಿದ ಔಷಧಿ ಹುಟ್ಟಿದ್ದು ನಮ್ಮಂಥವರ ಮೇಲಿನ ಅಪನಂಬಿಕೆಯಿಂದ! ಪರೀಕ್ಷೆಗೆ ಬರೆದು ಅಂಕ ತೆಗೆದುಕೊಂಡಾಗ ಇದು ತಮಾಷೆಯ ಕಥೆಯಾಗಿತ್ತು. ಅಲ್ಲಿ ದಾರಿಹೋಕರನ್ನು ಹೆದರಿಸಲು ಬಳಿದರು, ಇಲ್ಲಿ ದಾರಿಹೋಕರ ಹೊಟ್ಟೆಗೆ ಹೆದರಿ ಒಬ್ಬ ಅಜ್ಜಿ ಬರಿಗಾಲಲ್ಲಿ ಓಡಿ ಬಂದರು.

ಹೊಟ್ಟೆಗೂ ಚೀಲಕ್ಕೂ ಅಷ್ಟೇನು ವ್ಯತ್ಯಾಸ, ಮೂರು ಗೊಂಚಲಿಗೆ ಎಷ್ಟು ಬೆಲೆ ಎಂದು ನಮ್ಮಲ್ಲಿ ಕೆಲವರು ಈಗಲೂ ವಾದಿಸುತ್ತಾರೆ. ಹೆಚ್ಚಿನವರಿಗೆ ಹಾಗನ್ನಿಸುವುದಿಲ್ಲ. ಹೊಟ್ಟೆಗೆ ತಿನ್ನುವವನು ಆ ಜಾಗದಲ್ಲಿ ನಿಂತಿರುತ್ತಾನೆ, ಯಾರಾದರೂ ಬಂದರೆ ಮುಖ ಕೊಡಬೇಕಾಗುತ್ತದೆ. ಹಸಿವು ಕೆಲಹೊತ್ತಿಗೆ ಮುಗಿಯುತ್ತದೆ. ಚೀಲ ತುಂಬುವಾಗ ನಾವು ಮನಸ್ಸಿನಲ್ಲಿ ಆಗಲೇ ಊರು ಬಿಟ್ಟಾಗಿತ್ತು, ತೋಟದಲ್ಲಿ ಯಾರಾದರೂ ಇದ್ದಾರೆ ಎಂಬುದೇ ಮರೆತಿತ್ತು. ಆ ವಚನ "ನೆರೆಯವನ" ತೋಟ ಎಂದು ಹೇಳುವುದು ಸುಮ್ಮನೆ ಅಲ್ಲವೇನೋ.

ಆ ಹಣ್ಣು ಏನಾಯಿತು ಎಂದು ಕೇಳುತ್ತೀರಿ. ಸಂತ ಅಗಸ್ಟೀನರು ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ಪೇರುಹಣ್ಣು ಕದ್ದು ಹಂದಿಗಳಿಗೆ ಎಸೆದರು, ಒಬ್ಬನೇ ಇದ್ದಿದ್ದರೆ ಖಂಡಿತ ಕದಿಯುತ್ತಿರಲಿಲ್ಲ ಎಂದು ಆಮೇಲೆ ಬರೆದುಕೊಂಡರು. ನಮಗೆ ಘಾಟಿಯ ಕೋತಿಗಳಿಗೆ ಎಸೆಯುವ ಧೈರ್ಯವೂ ಬರಲಿಲ್ಲ, ಮರುಂದು ಹೊಡೆದ ಹಣ್ಣು. ಒಂದು ತಿರುವಿನಲ್ಲಿ ಕಲ್ಲಿನಿಂದ ಗುಂಡಿ ತೋಡಿ ಹೂತೆವು. ಈ ಬರಹದ ಉದ್ದಕ್ಕೂ "ನಾವು" ಎಂದಿದ್ದೇವೆ, ಯಾರ ಕೈ ಕಿತ್ತಿತು, ಯಾರ ಚೀಲ ಎಂದು ಬರೆದಿಲ್ಲ. ಅಲ್ಲಿ ನಿಂತು ಬೇಡ ಎನ್ನದ ಏಳೂ ಮಂದಿಯದು ಎಂದು ನಮ್ಮ ತೀರ್ಮಾನ. ಅದು ಪ್ರಾಮಾಣಿಕತೆಯೋ, ಒಬ್ಬರ ಹಿಂದೆ ಒಬ್ಬರು ಅಡಗುವ ಉಪಾಯವೋ, ಈ ಬಗ್ಗೆಯೂ ಜಗಳವಾಗಿದೆ.

ಜನವರಿಯಲ್ಲಿ ಮತ್ತೆ ಹೋಗುವ ಯೋಚನೆ ಇದೆ. ತೋಟದವರನ್ನು ಹುಡುಕಿ ಹಣ ಕೊಡಬೇಕು ಎಂದು ಇಬ್ಬರು ಹೇಳುತ್ತಾರೆ. ಹಾಗೆ ಹೇಳಿದರೆ ಕಾವಲು ಸರಿಯಿಲ್ಲ ಎಂದು ಅಜ್ಜಿಯ ಕೂಲಿಗೇ ಕುತ್ತು ಬಂದೀತು, ಮೊದಲು ಅವರನ್ನು ಕೇಳೋಣ ಎಂದು ಉಳಿದವರು. ಅಜ್ಜಿಯ ಹೆಸರು ಕೇಳಲು ಅಂದು ಯಾರಿಗೂ ಹೊಳೆದಿರಲಿಲ್ಲ.