ನೀರಿನ ವಿಷಯದಲ್ಲಿ ಸಮಾಲೋಚನೆ



ಗಾಣಗಾಪುರದ ಬಳಿ ಅಮರ್ಜಾ ನದಿಯು ಭೀಮೆಯನ್ನು ಸೇರುತ್ತದೆ. ಆ ಸಂಗಮದಲ್ಲಿ ಮೀಯಲು ದೂರದೂರುಗಳಿಂದ ಯಾತ್ರಿಕರು ಬರುತ್ತಾರೆ. ಅದೇ ನದಿಯನ್ನು ನೆಚ್ಚಿ ಕಬ್ಬು ಬೆಳೆಯುವ ರೈತರಿದ್ದಾರೆ, ಕುಡಿಯುವ ನೀರಿಗೆ ಕಾಯುವ ಊರುಗಳಿವೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಲ್ಲಿ ಭಾರೀ ಮಳೆಯಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಅಫಝಲಪುರ, ಜೇವರ್ಗಿ ತಾಲೂಕುಗಳ ನದಿದಡದ ಊರುಗಳಿಗೆ ನೆರೆ ನುಗ್ಗಿತು. ಅದು ಹಿಂದೂವಿನ ಮನೆ, ಮುಸ್ಲಿಮನ ಮನೆ ಎಂದು ನೋಡಲಿಲ್ಲ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಇದೇ ಭೀಮೆಯ ಒಡಲಲ್ಲಿ ಬರೀ ಮರಳು. ಎರಡೂ ಸಲ ನಾವು ಅಣೆಕಟ್ಟನ್ನೂ ಅಧಿಕಾರಿಗಳನ್ನೂ ದೂರುತ್ತೇವೆ. ದೂರು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನಮ್ಮೂರಿನ ನೀರಿನ ಬಗ್ಗೆ ತೀರ್ಮಾನವಾಗುವಾಗ ನಾವು ಎಲ್ಲಿದ್ದೆವು?

ಪ್ರವಾದಿವರ್ಯರು(ಸ) ನೀಡಿದ ಹಡಗಿನ ಉಪಮೆ ತಮಗೆ ಗೊತ್ತಿರಬಹುದು. ಚೀಟಿ ಎತ್ತಿದಾಗ ಕೆಲವರಿಗೆ ಮೇಲಿನ ಅಂತಸ್ತು, ಕೆಲವರಿಗೆ ಕೆಳಗಿನದು ಸಿಕ್ಕಿತು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ದಾಟಿ ಹೋಗಬೇಕಿತ್ತು. ಅವರಿಗೆ ತೊಂದರೆ ಕೊಡುವುದೇಕೆಂದು ತಮ್ಮ ಭಾಗದಲ್ಲೇ ತೂತು ಕೊರೆಯಲು ಯೋಚಿಸಿದರು. ಬಿಟ್ಟರೆ ಎಲ್ಲರೂ ಮುಳುಗುವರು, ತಡೆದರೆ ಎಲ್ಲರೂ ಉಳಿಯುವರು. ಕೆಡುಕನ್ನು ತಡೆಯಬೇಕೆಂಬ ಪಾಠಕ್ಕಾಗಿ ನಾವು ಇದನ್ನು ಹೇಳುತ್ತೇವೆ. ಅದು ಸರಿಯೇ. ಆದರೆ ಕೆಳಗಿನವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಅವರಿಗೆ ಬೇಕಾಗಿದ್ದುದು ನೀರು ಮಾತ್ರ. ಮೇಲಿನವರು ಕೆಳಗಿಳಿದು ಬಂದು, ‘ನಿಮಗೆ ನೀರು ಹೇಗೆ ತಲುಪಿಸೋಣ?’ ಎಂದು ಕೇಳಿದ್ದರೆ ತೂತು ಕೊರೆಯುವ ಆಲೋಚನೆಯೇ ಹುಟ್ಟುತ್ತಿತ್ತೇ?

ಮದೀನದ ಮಹ್‌ಝೂರ್ ತೊರೆಯ ವಿಷಯದಲ್ಲಿ ಪ್ರವಾದಿವರ್ಯರು(ಸ) ತೀರ್ಪು ನೀಡಿದ್ದರು. ಮೇಲ್ಭಾಗದವನು ಹರಡು ಮುಳುಗುವಷ್ಟು ನೀರು ನಿಲ್ಲಿಸಿಕೊಂಡು ಉಳಿದುದನ್ನು ಕೆಳಗಿನವನಿಗೆ ಬಿಡಬೇಕು. ಆಳಂದ ತಾಲೂಕಿನ ಕೊರಳ್ಳಿಯಲ್ಲಿ ಅಮರ್ಜಾ ಅಣೆಕಟ್ಟಿದೆ, ಸಂಗಮವಿರುವುದು ಕೆಳಗೆ ಅಫಝಲಪುರ ತಾಲೂಕಿನಲ್ಲಿ. ಈ ತೀರ್ಪನ್ನು ಅಲ್ಲಿಗೆ ಅನ್ವಯಿಸಿ ನೋಡುವುದು ಕಷ್ಟವಲ್ಲ.

ಬದ್ರ್‌ನ ಘಟನೆಯೂ ಸೀರತ್ ಗ್ರಂಥಗಳಲ್ಲಿದೆ. ಪ್ರವಾದಿವರ್ಯರು(ಸ) ಬೀಡುಬಿಟ್ಟಾಗ ಹ. ಹುಬಾಬ್ ಬಿನ್ ಮುಂದಿರ್(ರ) ಎದ್ದು ನಿಂತು, ಈ ಸ್ಥಳ ಅಲ್ಲಾಹನ ಆಜ್ಞೆಯೋ, ತಮ್ಮ ಅಭಿಪ್ರಾಯವೋ ಎಂದು ವಿಚಾರಿಸಿದರು. ಅಭಿಪ್ರಾಯವೆಂದು ತಿಳಿದಾಗ, ಮುಂದಿನ ಬಾವಿಯ ಬಳಿಗೆ ಹೋಗುವುದು ಉತ್ತಮವೆಂದರು. ಸೈನ್ಯ ಅಲ್ಲಿಗೇ ಹೋಯಿತು. ದಿವ್ಯವಾಣಿ ಪಡೆಯುವವರೇ ಬಾವಿಯ ವಿಷಯದಲ್ಲಿ ಒಬ್ಬ ಅನುಯಾಯಿಯ ಸಲಹೆ ಸ್ವೀಕರಿಸಿದರು. ನಕ್ಷೆ ಹಿಡಿದು ಬರುವ ಇಂಜಿನಿಯರಿಗೆ ರೈತನ ಮಾತು ಕೇಳಲು ಸಂಕೋಚವೇಕೆ?

ಆದರೆ ಹುಬಾಬ್‌ರು ಎದ್ದು ನಿಂತು ಮಾತಾಡಿದರು, ನಾವು ಹೋಗುವುದೇ ಇಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ನಮಗೆ ಗ್ರಾಮಸಭೆ ಕೊಟ್ಟಿದೆ. ಕಾಲುವೆಯ ರೈತರು ನೀರು ಬಳಕೆದಾರರ ಸಹಕಾರ ಸಂಘ ಕಟ್ಟಿಕೊಂಡು ನೀರು ಹಂಚಿಕೊಳ್ಳಲು ನೀರಾವರಿ ಕಾಯ್ದೆಯ 2000ದ ತಿದ್ದುಪಡಿ ದಾರಿ ಮಾಡಿದೆ. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯ ಗ್ರಾಮ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂಬ ನಿಯಮವಿದೆ. ಕೊಡ ಹೊರುವವಳಿಗಲ್ಲವೇ ನಳ ಎಲ್ಲಿ ಬೇಕೆಂದು ಗೊತ್ತಿರುವುದು! ಮಸೀದಿಯ ಹೌಝ್‌ಗೆ ಒಂದು ದಿನ ನೀರು ಬಾರದಿದ್ದರೆ ಜುಮಾ ನಮಾಝಿನ ಬಳಿಕ ಎಷ್ಟೊಂದು ಚರ್ಚೆ! ಗ್ರಾಮಸಭೆಯಲ್ಲಿ ಹುಡುಕಿದರೆ ಅವರಲ್ಲಿ ಒಬ್ಬರೂ ಸಿಗುವುದಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಮಾತ್ರ ಮನೆಗೇ ಬಂದು ಹೋಗುತ್ತದೆ.

ಪವಿತ್ರ ಕುರ್‌ಆನಿನ ಅಶ್ಶೂರಾ ಅಧ್ಯಾಯವು ಸತ್ಯವಿಶ್ವಾಸಿಗಳ ಗುಣಗಳನ್ನು ಎಣಿಸುವಾಗ ಪರಸ್ಪರ ಸಮಾಲೋಚನೆಯನ್ನು ಎಲ್ಲಿಟ್ಟಿದೆಯೆಂದು ಗಮನಿಸಿರಿ. ಒಂದು ಬದಿಯಲ್ಲಿ ನಮಾಝ್, ಇನ್ನೊಂದು ಬದಿಯಲ್ಲಿ ದಾನ. ಇವೆರಡನ್ನೂ ಇಬಾದತ್ ಎನ್ನುವ ನಾವು ನಡುವಿನದನ್ನು ರಾಜಕೀಯವೆಂದು ಬಿಟ್ಟಿದ್ದೇವೆ.

ಜಮಾಅತ್‌ನ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಪಂಚಾಯತ್‌ನಿಂದ ಕೇಳಿ ತಿಳಿದು, ಅದಕ್ಕೆ ಮುಂಚಿನ ಶುಕ್ರವಾರ ಮಸೀದಿಯಲ್ಲಿ ಪ್ರಕಟಿಸಿರಿ. ನೆರೆಮನೆಯ ಹಿಂದೂ ಸಹೋದರನನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಅವನ ಹೊಲವೂ ಅದೇ ಕಾಲುವೆಯ ಕೊನೆಯಲ್ಲಿದೆ.