ವಿಲಂಬದ ಲೆಕ್ಕ ಯಾರ ಕೈಯಲ್ಲಿದೆ?

'ಎಲ್ಲಾ ನಿಧಾನಕ್ಕೆ ಆಗಬೇಕಪ್ಪ' ಅನ್ನೋ ಮಾತು ನಮ್ಮ ಕೇರಿಗಳಿಗೆ ಹೊಸದಲ್ಲ. ಗುಡಿಯ ಬಾಗಿಲು ತೆರೆಯಿರಿ ಅಂದಾಗ, ಹೋಟೆಲಿನಲ್ಲಿ ಬೇರೆ ಲೋಟ ಯಾಕೆ ಅಂದಾಗ, ಉಳುವವನಿಗೆ ಹೊಲ ಕೊಡಿ ಅಂದಾಗ, ಪ್ರತಿಸಲವೂ ಇದೇ ಉತ್ತರ. ಹೇಳುವವರೆಲ್ಲ ಕೆಟ್ಟವರೇನಲ್ಲ. ಅವರಲ್ಲಿ ಓದಿದವರೂ ಸಜ್ಜನರೂ ಇದ್ದಾರೆ. ಆದ್ದರಿಂದಲೇ ಈ ಪ್ರಶ್ನೆ ಕೇಳಬೇಕಾಗಿದೆ: ನಿಧಾನ ಅನ್ನೋದು ಗುಣವೋ, ಉಳ್ಳವರ ಉಪಾಯವೋ?

ನಿಧಾನವನ್ನು ನಿಜವಾಗಿ ಕಲಿತವರನ್ನೇ ಕೇಳೋಣ. ಹಿಂದೂಸ್ತಾನಿ ಖಯಾಲಿನ ವಿಲಂಬ ಏಕತಾಲ ಇದೆಯಲ್ಲ, ಅದರಲ್ಲಿ ಹನ್ನೆರಡು ಮಾತ್ರೆ. ಒಂದೊಂದು ಮಾತ್ರೆಯನ್ನೂ ಎಷ್ಟು ಎಳೆಯುತ್ತಾರೆಂದರೆ ಅದರೊಳಗೆ ಮತ್ತೆ ನಾಲ್ಕು ಎಣಿಸಬಹುದು. ಅತಿ ವಿಲಂಬದಲ್ಲಿ ಒಂದು ಆವರ್ತನ ಮುಗಿಯುವುದಕ್ಕೆ ಹೆಚ್ಚುಕಡಿಮೆ ಒಂದು ನಿಮಿಷವೇ ಬೇಕು. ಝೂಮ್ರಾದಲ್ಲಿ ಹದಿನಾಲ್ಕು ಮಾತ್ರೆ, ತಿಲವಾಡದಲ್ಲಿ ಹದಿನಾರು. ಗಾಯಕ ಎಲ್ಲೆಲ್ಲೋ ಅಲೆದು ಬರುತ್ತಾನೆ. ಆದರೆ ಮೊದಲ ಮಾತ್ರೆಗೆ, ಅಂದರೆ ಸಮಕ್ಕೆ, ಬಂದು ಸೇರಲೇಬೇಕು. ಕೂತು ಕೇಳುವವನು ಆ ಸಮಕ್ಕಾಗಿ ಕಾಯುತ್ತಾನೆ.

ಈ ಕಾಯುವಿಕೆಯಲ್ಲಿ ಅವಮಾನ ಇಲ್ಲ. ಯಾಕಿಲ್ಲ? ಮೊದಲನೆಯದು, ಲೆಕ್ಕ ಬಹಿರಂಗವಾಗಿದೆ. ಏಕತಾಲದ ಠೇಕಾದಲ್ಲಿ ನಾಲ್ಕನೆಯ ಮಾತ್ರೆಯಲ್ಲೊಮ್ಮೆ, ಹತ್ತನೆಯದರಲ್ಲೊಮ್ಮೆ 'ತಿರಕಿಟ' ಬರುತ್ತದೆ. ಎರಡನೆಯ ಸಲ ಅದು ಬಂತೆಂದರೆ ಸಮ ಹತ್ತಿರವಾಯಿತು ಅಂತ ಅಕ್ಷರ ಬಾರದವನೂ ಹೇಳಬಲ್ಲ. ಎರಡನೆಯದು, ಪೆಟ್ಟಿಗೂ ಪೆಟ್ಟಿಗೂ ನಡುವೆ ತಬಲಾದವನ ಕೈ ಸುಮ್ಮನಿರುವುದಿಲ್ಲ. ಸಣ್ಣ ಸಣ್ಣ ನುಡಿತಗಳಿಂದ ಆ ತೆರಪನ್ನು ಹಿಡಿದು ನಿಲ್ಲಿಸಿರುತ್ತದೆ. ಮೂರನೆಯದು, ಲಯ ಎಷ್ಟಿರಬೇಕು ಅಂತ ಹಾಡುವವರೇ ಗೊತ್ತುಮಾಡುತ್ತಾರೆ. ಲೆಕ್ಕ, ದುಡಿಮೆ, ಆಯ್ಕೆ: ಈ ಮೂರೂ ಇದ್ದರೆ ನಿಧಾನ ಒಂದು ಕಲೆ. ಇಲ್ಲದಿದ್ದರೆ ಅದು ಬರೀ ಕಾಯಿಸುವುದು.

ಗಂಗೂಬಾಯಿ ಹಾನಗಲ್ಲರು (1913–2009) ಬಾಲ್ಯದಲ್ಲಿ ಮೇಲ್ಜಾತಿಯವರ ಬೀದಿಯಲ್ಲಿ ಹೀಯಾಳಿಕೆ ಕೇಳಿ ಬೆಳೆದವರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಆ ಕಲಿಕೆ ವರ್ಷಗಟ್ಟಲೆ ಹಿಡಿಯಿತು. ಅದು ಅವರೇ ಆರಿಸಿಕೊಂಡ ನಿಧಾನ. ಬೀದಿಯ ಹೀಯಾಳಿಕೆ ನಿಲ್ಲಲಿ ಅಂತ ಕಾಯಬೇಕಾಗಿ ಬಂದದ್ದು ಇನ್ನೊಬ್ಬರು ಹೇರಿದ ನಿಧಾನ. ಒಬ್ಬ ಹೆಂಗಸಿನ ಬದುಕಿನಲ್ಲೇ ಎರಡೂ ಇದ್ದವು. ಎರಡಕ್ಕೂ 'ತಾಳ್ಮೆ' ಅಂತ ಒಂದೇ ಹೆಸರಿಟ್ಟರೆ ಅದು ಮೋಸ.

ಈಗ ನಮ್ಮ ಗಣರಾಜ್ಯದ ತಾಳ ನೋಡಿ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೆಯ ವಿಧಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕು ಅಂದಿತು. ಲೆಕ್ಕ ಇತ್ತು: ಹತ್ತು. 1960ಕ್ಕೆ ಸಮ ಬರಬೇಕಿತ್ತು. ಶಿಕ್ಷಣದ ಹಕ್ಕಿನ ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ ಒಂದರಂದು. ಐವತ್ತು ವರ್ಷ ತಾಳ ತಪ್ಪಿತು. ಕಛೇರಿಯಲ್ಲಿ ಅರ್ಧ ಮಾತ್ರೆ ತಪ್ಪಿದರೆ ಮುಖ ಸಿಂಡರಿಸುವ ಜನ ಇದಕ್ಕೆ ತಲೆ ಕೂಡ ಎತ್ತಲಿಲ್ಲ. ಆ ಐವತ್ತು ವರ್ಷದಲ್ಲಿ ದನ ಕಾಯ್ದ ಮಕ್ಕಳು ಯಾರ ಮಕ್ಕಳು ಅನ್ನೋದನ್ನು ಹಳ್ಳಿಯ ಮೇಷ್ಟ್ರುಗಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾನಗಲ್ಲಿನ ಸೀಮೆಗೆ ಹರಿದುಹೋಗುವ ವರದೆಯಲ್ಲೇ ಮಿಂದು, ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಗುಡ್ಡದಲ್ಲಿರುವ ರೇಣುಕಾಂಬೆಗೆ ಬೆತ್ತಲೆ ಹೋಗುವ ಹರಕೆ ಇತ್ತು. ಹೊತ್ತವರಲ್ಲಿ ಬಹಳ ಮಂದಿ ಕೆಳಜಾತಿಗಳ ಬಡವರು, ಹೆಂಗಸರು. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಇದನ್ನು ನಿಲ್ಲಿಸಬೇಕೆಂದು ಅಲ್ಲಿಗೆ ಹೋದರು. ಜನ ತಿರುಗಿಬಿದ್ದರು. ಕಾರ್ಯಕರ್ತರಿಗೂ ಪೊಲೀಸರಿಗೂ ಹೊಡೆದು, ಹೆಣ್ಣು ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

'ಆತುರ ಮಾಡಿದರು, ತಿಳಿಹೇಳಬೇಕಿತ್ತು' ಅಂತ ಹೇಳುವವರು ಇದ್ದೇ ಇದ್ದಾರೆ. ತಿಳಿಹೇಳಬೇಕು, ನಿಜ. ಯಾರ ಮೈಯ ಮಾನಕ್ಕಾಗಿ ಹೋರಾಟವೋ ಅವರೇ ಕಲ್ಲೆತ್ತಿದರೆ ಆ ಕಲ್ಲಿನ ಅರ್ಥವನ್ನು ಚಳವಳಿ ಹುಡುಕಲೇಬೇಕು. ಜಾತ್ರೆಯಿಂದ ಜಾತ್ರೆಯ ತನಕ ಆ ಹೆಂಗಸರ ಗುಡಿಸಲಿಗೆ ಹೋಗಿ ಕೂತವರು ಎಷ್ಟು ಜನ? ಈ ಪ್ರಶ್ನೆ ಚಳವಳಿಗೂ ಸಲ್ಲುತ್ತದೆ. ಆದರೆ 'ನಿಧಾನ' ಅಂದವರಿಗೆ ಅದು ಮೊದಲು ಸಲ್ಲುತ್ತದೆ. ಅಷ್ಟೊಂದು ಜಾತ್ರೆಗಳು ಕಳೆದುಹೋದಾಗ ಅವರ ಕೈ ಯಾವ ಪೆಟ್ಟು ನುಡಿಸುತ್ತಿತ್ತು? ಏನೂ ನುಡಿಸದೆ ಕೂತು, ನುಡಿಸಿದವನ ಲಯ ಜೋರಾಯಿತು ಅನ್ನುವುದು ಯಾವ ನ್ಯಾಯ? 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಕಾಗದ ಬರೆದದ್ದೂ ಇಂಥ 'ಕಾಯಿರಿ' ಅನ್ನುವ ಸಜ್ಜನ ಪಾದ್ರಿಗಳಿಗೇ.

ಬಾಬಾಸಾಹೇಬರು ದುಡುಕಿದವರಲ್ಲ. 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಶುರುವಾಯಿತು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಬೌದ್ಧರಾದದ್ದು 1956ರಲ್ಲಿ. ಇಪ್ಪತ್ತೊಂದು ವರ್ಷದ ವಿಲಂಬ! ಆದರೆ ಆ ನಡುವೆ ಅವರು ಓದಿದರು, ಸಂಘಟಿಸಿದರು, ಸಂವಿಧಾನ ಬರೆದರು. ಲಯ ಅವರದೇ, ಲೆಕ್ಕವೂ ಅವರದೇ. ಮೇಲಿನವರು ಬಾಗಿಲು ತೆರೆಯಲಿ ಅಂತ ಕಾದದ್ದು ಐದೇ ವರ್ಷ. ತಮ್ಮ ಜನ ಸಿದ್ಧರಾಗಲಿ ಅಂತ ಕಾದದ್ದು ಇಪ್ಪತ್ತೊಂದು.

ಗೆಳೆಯರೇ, ಯಾರಾದರೂ ನಿಮಗೆ 'ನಿಧಾನ' ಅಂದರೆ ಜಗಳಕ್ಕೆ ಹೋಗಬೇಡಿ. ಮೂರು ಮಾತು ಕೇಳಿ. ಎಷ್ಟು ಮಾತ್ರೆ? ಅಲ್ಲಿಯ ತನಕ ನಿಮ್ಮ ಕೈ ಏನು ಮಾಡುತ್ತದೆ? ಈ ಲಯ ಇಟ್ಟವರು ಯಾರು? ಉತ್ತರ ಬಂದರೆ ಅವರ ಜೊತೆ ಕೂತು ತಾಳ ಹಾಕಿ. ಬರದಿದ್ದರೆ ಎದ್ದು ನಿಮ್ಮ ಲಯ ನೀವೇ ಹಿಡಿಯಿರಿ.